ಯಾರಿಗೂ ಕೇಳದ ಸಿನಿಮಾ

ಆ ಸಿನಿಮಾ ಮಾಡಿದ ಪುಣ್ಯಾತ್ಮ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲಿಯಾದರೂ ಎದುರಿಗೆ ಸಿಕ್ಕಿದರೆ ಕೂರಿಸಿ, ಮೊದಲು ಒಂದು ಲೋಟ ಕಾಫಿ ಕೊಡುತ್ತೇನೆ. ನಾವು ಹೋಟೆಲಿನವರು, ಬೈಯುವುದಿದ್ದರೂ ಕಾಫಿ ಕೊಟ್ಟೇ ಬೈಯುವುದು. ಆಮೇಲೆ ಕೇಳುತ್ತೇನೆ: ಅಷ್ಟೊಂದು ಹಣ ಸುರಿದು ಸಿನಿಮಾ ಮಾಡ್ತೀರಲ್ಲ ಮಾರಾಯ್ರೆ, ಆಡಿದ ಮಾತು ನಾಲ್ಕು ಜನಕ್ಕೆ ಕೇಳಬೇಕು ಅಂತ ನಿಮಗೆ ಒಬ್ಬರೂ ಹೇಳಲಿಲ್ಲವಾ? ಕಥೆ ಅರ್ಥವಾಗದಿದ್ದರೆ ಹೋಗಲಿ. ಅರ್ಥವಾಗದ ಎಷ್ಟೋ ಸಂಗತಿಗಳ ಜೊತೆ ನಾವು ಸಂಸಾರ ಮಾಡಿಕೊಂಡೇ ಇದ್ದೇವೆ. ಆದರೆ ಕೇಳಬೇಕಲ್ಲ! ನಿಮ್ಮ ಒಂದು ಸಿನಿಮಾದಿಂದ ನನ್ನ ಗಂಡನ ಕಿವಿ ಹೋಯಿತು.

ಹೀಗೆ ಹೇಳಿದರೆ ಮಗಳು "ಮಮ್ಮಿ, ಇದರಲ್ಲಿ ಲಾಜಿಕ್ ಇಲ್ಲ" ಅನ್ನುತ್ತಾಳೆ. ಲಾಜಿಕ್ ನನಗೆ ಗೊತ್ತಿಲ್ಲ. ನಡೆದದ್ದು ಗೊತ್ತುಂಟು.

ಸೂರತ್ತಿನ ಕತಾರ್‌ಗಾಮಿನಲ್ಲಿ ನಮ್ಮದೊಂದು ಉಡುಪಿ ಹೋಟೆಲು. ಸುತ್ತಮುತ್ತ ವಜ್ರ ಉಜ್ಜುವ ಕಾರ್ಖಾನೆಗಳು, ಸೀರೆಯ ಗೋದಾಮುಗಳು. ಬೆಳಿಗ್ಗೆ ಶಟರ್ ಎತ್ತುವುದೇ ತಡ, ಸ್ಕೂಟರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಆಗ ನಮ್ಮಲ್ಲಿ ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿ ಕೇಳಿದ್ದನ್ನು ಸಪ್ಲಾಯರು ಅಲ್ಲಿಂದಲೇ ಅಡುಗೆಮನೆಗೆ ಕೂಗುವುದು: "ಎರಡು ಸಾದಾ, ಒಂದು ಮಸಾಲಾ, ಒಂದು ಜೈನ್ ಮಸಾಲಾ!" ಒಳಗೆ ಕಾವಲಿಯ ಎದುರು ನಿಂತವರು "ಹಾಂ" ಅಂದರೆ ಮುಗಿಯಿತು, ಕೂಗಿದ್ದು ಕೂಗಿದ ಹಾಗೆ ಹೊರಗೆ ಬರಬೇಕು. ನಮ್ಮಲ್ಲಿ ಕಾವಲಿಯ ಎದುರು ನಿಲ್ಲುತ್ತಿದ್ದವರು ನಮ್ಮವರೇ. ಯಜಮಾನರು ಹಣ ಎಣಿಸುವ ಗಲ್ಲದಲ್ಲಿ ಕೂರುವುದು ಲೋಕರೂಢಿ. ಇವರದ್ದು ಉಲ್ಟಾ. ನನ್ನನ್ನು ಗಲ್ಲದಲ್ಲಿ ಕೂರಿಸಿ ತಾವು ದೋಸೆ ಹೊಯ್ಯುವುದು. ಹತ್ತು ಕಡೆಯಿಂದ ಹತ್ತು ಕೂಗು ಬಂದರೂ ಒಂದೂ ತಪ್ಪುತ್ತಿರಲಿಲ್ಲ. ಗಲ್ಲದಲ್ಲಿ ಕೂತು ನಾನು ಅದನ್ನೇ ಕೇಳುತ್ತಿದ್ದೆ, ಕೂಗು ಹೋಗುವುದು, ಒಳಗಿಂದ ಅವರ "ಹಾಂ" ಬರುವುದು. ಮದುವೆಯಾಗಿ ಭಾಷೆ ಗೊತ್ತಿಲ್ಲದ ಊರಿಗೆ ಬಂದು ಅಳುತ್ತಿದ್ದವಳಿಗೆ ಆ "ಹಾಂ" ದೊಡ್ಡ ಧೈರ್ಯವಾಗಿತ್ತು. ಇದನ್ನು ಅವರಿಗೆ ಯಾವತ್ತೂ ಹೇಳಲಿಲ್ಲ. ಹೇಳುವ ಜನವಾ ನಾನು!

ಅವರಿಗೆ ಒಂದು ಕಿವಿ ಮೊದಲಿಂದಲೂ ಸೋರುತ್ತಿತ್ತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎರಡು ಹನಿ ಬಿಡುವುದು, ಹತ್ತಿ ತುರುಕುವುದು, ಅಷ್ಟೇ ಔಷಧಿ. ಆ ಸಿನಿಮಾಕ್ಕಿಂತ ಒಂದೆರಡು ವರ್ಷ ಮೊದಲು ಮಾತು ಕೇಳಿಸುವುದು ಕಡಿಮೆಯಾಯಿತು. ಮೊದಮೊದಲು ನಾನು ಅದನ್ನು ಅಹಂಕಾರ ಅಂದುಕೊಂಡೆ. ಕರೆದರೆ ತಿರುಗುವುದಿಲ್ಲ, ಕೇಳಿದರೆ ಉತ್ತರವಿಲ್ಲ. "ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಹೂಂ ಅನ್ನುತ್ತಿತ್ತು" ಎಂದು ಬೈದೆ. ಅದೂ ಕೇಳಿಸಲಿಲ್ಲ. ಮಗಳು ರಜೆಯಲ್ಲಿ ಬಂದಾಗ ಅರ್ಧ ಗುಜರಾತಿ, ಅರ್ಧ ಹಿಂದಿಯಲ್ಲಿ ಪಟಪಟ ಮಾತಾಡುವಳು, ಇವರು ನಕ್ಕು ತಲೆ ಆಡಿಸುವರು. ಭಾಷೆಯ ತೊಂದರೆ ಎಂದು ಸುಮ್ಮನಿದ್ದೆವು. ಡಾಕ್ಟರ ಹತ್ತಿರ ಹೋಗುವಾ ಅಂದರೆ ಸಿಟ್ಟು. "ನನಗೆಂತ ಆಗಿದೆ? ಎಕ್ಸಾಸ್ಟ್ ಫ್ಯಾನಿನ ಸದ್ದು ಮಾರಾಯ್ತಿ, ಅದರ ಪಕ್ಕ ನಿಂತರೆ ನಿನಗೂ ಕೇಳೂದಿಲ್ಲ."

ಕೊನೆಗೆ ಒಂದು ದಿನ ಆಗಬಾರದ್ದು ಆಯಿತು. ನಮ್ಮ ಓಣಿಯ ಜೈನ ದೇರಾಸರಕ್ಕೆ, ಅಂದರೆ ಬಸದಿಗೆ, ಬರುವ ಒಬ್ಬರು ಮುದುಕಿ, ಗುಜರಾತಿಯಲ್ಲಿ ಅಮ್ಮ ಅನ್ನುವ ಹಾಗೆ ಎಲ್ಲರೂ ಬಾ ಎಂದೇ ಕರೆಯುವುದು, ಸೊಸೆಯ ಜೊತೆ ತಿಂಡಿಗೆ ಬಂದಿದ್ದರು. ಜೈನ್ ಮಸಾಲಾ ಅಂದರೆ ಈರುಳ್ಳಿ, ಬಟಾಟೆ ಇಲ್ಲದೆ ಬಾಳೆಕಾಯಿ ಪಲ್ಯ ಹಾಕಿದ್ದು. ಸಪ್ಲಾಯರು ಸರಿಯಾಗಿಯೇ ಕೂಗಿದ. ಗಲ್ಲದಲ್ಲಿದ್ದ ನನಗೇ ಕೇಳಿಸಿತು. ಒಳಗಿಂದ "ಹಾಂ" ಕೂಡ ಬಂತು. ಬಂದ ದೋಸೆಯಲ್ಲಿ ಮಾತ್ರ ಬಟಾಟೆ ಪಲ್ಯ. ಬಾ ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದರು. ಬೈಯಲಿಲ್ಲ, ಕಿರುಚಲಿಲ್ಲ. ಎದ್ದು ಹೊರಗೆ ಹೋಗಿ ಬಾಯಿ ತೊಳೆದುಕೊಂಡು ಮನೆಗೆ ಹೊರಟರು. ಬುದ್ಧಿ ತಿಳಿದಾಗಿನಿಂದ ನೆಲದೊಳಗಿನ ಗೆಡ್ಡೆ ಮುಟ್ಟದ ಜೀವ ಅದು. ಮರುದಿನ ಪ್ರಾಯಶ್ಚಿತ್ತಕ್ಕೆ ಉಪವಾಸ ಮಾಡುತ್ತಿದ್ದಾರೆ ಎಂದು ಸೊಸೆ ಬಂದು ಹೇಳಿದಾಗ ನಮ್ಮವರು ಕಾವಲಿಯ ಉರಿ ಆರಿಸಿ, ಅಂಗಿ ಬದಲಾಯಿಸಿ, "ನಡಿ, ಹೋಗಿ ಬರುವಾ" ಎಂದು ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದರು.

ಕಾಲಿಗೆ ಬಿದ್ದರು. ಮುದುಕಿ ಇವರ ತಲೆ ಮುಟ್ಟಿ ಮೆಲ್ಲನೆ ಏನೋ ಹೇಳಿದರು. ಇವರು ಕೈ ಮುಗಿದರು, ತಲೆ ಆಡಿಸಿದರು, ಹೊರಟು ಬಂದೆವು. ಮೆಟ್ಟಿಲು ಇಳಿಯುವಾಗ ನನ್ನ ಕಡೆ ತಿರುಗಿ, "ಎಂತ ಹೇಳಿದರು?" ಎಂದು ಕೇಳಿದರು.

"ನಿನ್ನ ತಪ್ಪಲ್ಲ ಮಗನೆ, ನಿನ್ನ ಕಿವಿ ತೋರಿಸು, ಅಂದರು."

ಅವರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಆಮೇಲೆ ಅಂದರು, "ಆಯ್ತು. ತೋರಿಸುವಾ." ನಾನು ಎರಡು ವರ್ಷ ಗಂಟಲು ಹರಿದುಕೊಂಡು ಹೇಳಿದ್ದು ಆಗಲಿಲ್ಲ, ಬಾ ಮೆಲ್ಲನೆ ಹೇಳಿದ್ದು ಆಯಿತು. ಹೊಟ್ಟೆಕಿಚ್ಚೂ ಆಯಿತು, ಸಮಾಧಾನವೂ ಆಯಿತು. ವಡೋದರಾದಲ್ಲಿ ನನ್ನ ಮೈದುನ ಇದ್ದ. ಅವನಿಗೆ ಗುರುತಿದ್ದ ಕಿವಿ ಡಾಕ್ಟರರು ದೀಪಾವಳಿ ಕಳೆದು ಐದನೇ ದಿನ, ಲಾಭ್ ಪಾಂಚಮ್ ದಿನ, ಬಾಗಿಲು ತೆರೆಯುತ್ತಾರೆ, ಅವತ್ತೇ ಬನ್ನಿ ಎಂದು ಹೇಳಿ ಸಮಯ ಗೊತ್ತುಮಾಡಿದ. ರೈಲಿನ ಟಿಕೆಟೂ ಆಯಿತು.

ದೀಪಾವಳಿಗೆ ಕತಾರ್‌ಗಾಮನ್ನು ನೋಡಬೇಕು. ವಜ್ರದ ಕೆಲಸದವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಸ್ಸು ಹಿಡಿದು ಸೌರಾಷ್ಟ್ರದ ತಮ್ಮ ಊರುಗಳಿಗೆ ಹೋಗಿಬಿಡುತ್ತಾರೆ. ಕಾರ್ಖಾನೆ ಬಂದ್, ಓಣಿ ಬಿಕೋ. ರುಬ್ಬಿದ ಹಿಟ್ಟು ಹುಳಿ ಬಂದು ಉಕ್ಕಿದರೂ ತಿನ್ನುವವರಿಲ್ಲ. ವರ್ಷಕ್ಕೆ ಒಂದೇ ಸಲ ನಮ್ಮ ಶಟರು ಹಗಲಲ್ಲಿ ಇಳಿಯುವುದು ಆಗ. ಆಗಲೇ ಮನೆಮಂದಿ ಸೇರಿ ಒಂದು ಸಿನಿಮಾ. ಅದು ನಮ್ಮ ಮನೆಯ ಕಟ್ಟಳೆ. ಹಿಂದಿನ ಎರಡು ವರ್ಷ ಇವರು ತಲೆನೋವು, ಸೊಂಟನೋವು ಎಂದು ತಪ್ಪಿಸಿಕೊಂಡಿದ್ದರು. ಈ ಸಲ ಅಹಮದಾಬಾದಿನಲ್ಲಿ ಓದುತ್ತಿದ್ದ ಮಗಳು ಬಂದವಳೇ, "ಪಪ್ಪಾ, ಈ ಪಿಕ್ಚರ್ ನೋಡಲೇಬೇಕು, ಕಾಲೇಜಲ್ಲಿ ಎಲ್ಲ ಇದೇ ಮಾತು, ಹಿಂದಿಯಲ್ಲೂ ಬಂದಿದೆ" ಎಂದು ಹಟ ಹಿಡಿದಳು. ಆಕಾಶದ ಕಥೆಯಂತೆ, ಹಾಲಿವುಡ್ಡಿನದ್ದಂತೆ. ಇವರು ಬಂದರು. ಮರುದಿನ ಬೆಳಿಗ್ಗೆ ವಡೋದರಾದ ರೈಲು. ಪರೀಕ್ಷೆಯ ಹಿಂದಿನ ದಿನದ ಮಕ್ಕಳ ಮುಖ ಇರುತ್ತದಲ್ಲ, ಹಾಗಿತ್ತು ಅವರ ಮುಖ.

ಮಧ್ಯಾಹ್ನದ ಆಟ. ಹಳೆಯ ಟಾಕೀಸು, ಆದರೆ ಹೊಸ ಸೌಂಡ್ ಸಿಸ್ಟಮ್ ಹಾಕಿದ್ದೇವೆ ಎಂದು ಹೊರಗೆ ದೊಡ್ಡ ಬೋರ್ಡು. ಕರ್ಮ! ಶುರುವಾದದ್ದೇ ಗುಡುಗಿನಿಂದ. ಕುರ್ಚಿ ನಡುಗಿತು, ನನ್ನ ಹಲ್ಲು ನಡುಗಿತು. ಒಂದು ಧೂಳಿನ ಗ್ರಹ. ಉಪ್ಪಿನಕಾಯಿ ಭರಣಿಯ ಹಾಗಿನ ಗಾಜನ್ನು ತಲೆಗೆ ಕವುಚಿಕೊಂಡ ನಾಲ್ಕು ಜನ. ಭರಣಿಯೊಳಗೆ ಅವರು ಮಾತಾಡುತ್ತಾರೆ, ಹೊರಗೆ ಗುಂಯ್ ಗುಂಯ್ ಅಷ್ಟೇ. ಅದರ ಮೇಲೆ ಸಂಗೀತ, ಸಂಗೀತದ ಮೇಲೆ ಗಾಳಿ, ಗಾಳಿಯ ಮೇಲೆ ಸಿಡಿತ. ಒಬ್ಬ ಸತ್ತ. ಅರ್ಧ ಗಂಟೆಯಲ್ಲಿ ಅವನೇ ಬಂದು ಚಹಾ ಕುಡಿಯುತ್ತಿದ್ದಾನೆ. ಇನ್ನೊಬ್ಬ ಮುದುಕ ಅಳುತ್ತಿದ್ದಾನೆ, ಅವನೂ ಇವನೇ ಅಂತೆ.

"ಶು ಬೋಲ್ಯೋ?" ಮುಂದಿನ ಸಾಲಿನಿಂದ ಒಬ್ಬಳು ತನ್ನ ಗಂಡನನ್ನು ಕೇಳಿದಳು, ಏನಂದ ಅವನು ಎಂದು. ಗಂಡ ಪಕ್ಕದವನನ್ನು ಕೇಳಿದ. "ಶು ಬೋಲ್ಯೋ?" ಪಕ್ಕದವನು ಹಿಂದಿನವನನ್ನು. ಸ್ವಲ್ಪ ಹೊತ್ತಿನಲ್ಲಿ ಇಡೀ ಟಾಕೀಸಿನಲ್ಲಿ ಅದೊಂದೇ ಪ್ರಶ್ನೆ. ಬಾಲ್ಕನಿಯಿಂದ ಯಾರೋ "ಆವಾಜ್ ವಧಾರೋ!" ಎಂದು ಕೂಗಿದರು. ಪ್ರೊಜೆಕ್ಟರಿನವನು ದನಿ ಏರಿಸಿದ. ಸಿಡಿತ ಜೋರಾಯಿತು, ಮಾತು ಇನ್ನೂ ಒಳಗೆ ಹೋಯಿತು. ನಮ್ಮ ಎದುರಿನ ಸಾಲಿನ ಕಾಕಾ ಒಬ್ಬರು ಚೇವ್ಡಾ ಪೊಟ್ಟಣ ಬಿಚ್ಚಿಕೊಂಡು ಮನೆಯವರಿಗೆ ಕಥೆ ವಿವರಿಸಲು ಶುರುಮಾಡಿದರು. ಆ ಮುದುಕ ಇವನ ತಂದೆ, ಜಮೀನಿನ ತಕರಾರು, ಅದಕ್ಕೇ ಆಕಾಶಕ್ಕೆ ಓಡಿಬಂದದ್ದು. ಎಷ್ಟು ಧೈರ್ಯದಿಂದ ಹೇಳಿದರೆಂದರೆ ಸುತ್ತಲಿನ ನಾಲ್ಕು ಸಾಲಿನವರು ಪರದೆ ಬಿಟ್ಟು ಅವರನ್ನೇ ಕೇಳತೊಡಗಿದರು. ನಾನೂ ಕೇಳಿದೆ. ನಿಜ ಹೇಳಬೇಕೆಂದರೆ ಕಾಕಾನ ಕಥೆಯೇ ಚೆನ್ನಾಗಿತ್ತು.

ನಾನು ಪಕ್ಕಕ್ಕೆ ತಿರುಗಿ ನೋಡಿದೆ. ನಮ್ಮವರು ಪರದೆ ನೋಡುತ್ತಿರಲಿಲ್ಲ. ಜನರನ್ನು ನೋಡುತ್ತಿದ್ದರು. ಆ ಕತ್ತಲೆಯಲ್ಲೂ ಅವರ ಮುಖ ಅರಳಿದ್ದು ನನಗೆ ಕಂಡಿತು.

ಇಂಟರ್ವಲ್ಲಿನಲ್ಲಿ ಸಮೋಸಾ ಅಂಗಡಿಯ ಎದುರು ದೊಡ್ಡ ಸಭೆಯೇ ನಡೆಯಿತು. ಗುರುತಿಲ್ಲದವರೆಲ್ಲ ಒಬ್ಬರನ್ನೊಬ್ಬರು ಹಿಡಿದು ಕೇಳುವುದು. ಕಾಲೇಜು ಹುಡುಗರ ಒಂದು ಗುಂಪು ತಮಗೆ ಎಲ್ಲ ಅರ್ಥವಾಗಿದೆ ಎಂದು ಹೊರಟು, ಸತ್ತವನು ಯಾರು ಎಂಬಲ್ಲಿ ಜಗಳಕ್ಕೆ ಬಿತ್ತು. ಅಷ್ಟು ಸದ್ದು ಕೇಳಿ ಬಂದದ್ದಕ್ಕೋ ಏನೋ, ಎಲ್ಲರೂ ಕಿರುಚಿಯೇ ಮಾತಾಡುತ್ತಿದ್ದರು. ಹಾಗಾಗಿ ನಮ್ಮವರಿಗೆ ಎಲ್ಲರ ಮಾತೂ ಕೇಳುತ್ತಿತ್ತು! ಎರಡು ವರ್ಷದಿಂದ ನಾಲ್ಕು ಜನ ಸೇರಿದಲ್ಲಿ ಮೂಲೆ ಹಿಡಿಯುತ್ತಿದ್ದ ಮನುಷ್ಯ, ಸಮೋಸಾ ಕೈಯಲ್ಲಿ ಹಿಡಿದು ನಡುಮಧ್ಯ ನಿಂತುಬಿಟ್ಟರು. "ನಿಮಗೆ ಕೇಳಿತಾ? ಏನಾದರೂ ಕೇಳಿತಾ?" ಎಂದು ಹಿಂದಿಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದರು.

"ಕುಛ್ ನಹೀ, ಭಾಯ್! ಒಂದಕ್ಷರ ಇಲ್ಲ!"

"ನಿಮಗೆ?"

"ನನ್ನ ಕಿವಿಯೇ ಹೋಯಿತು ಅಂದುಕೊಂಡೆ!" ಎಂದು ಒಬ್ಬ ದಪ್ಪ ಮನುಷ್ಯ ಹೊಟ್ಟೆ ಕುಣಿಸಿ ನಕ್ಕ. ನಮ್ಮವರು ಅವನ ಹೆಗಲಿನ ಮೇಲೆ ಕೈಹಾಕಿ ನಕ್ಕರು. ಅಣ್ಣತಮ್ಮಂದಿರು ಎಷ್ಟೋ ವರ್ಷದ ಮೇಲೆ ಸಿಕ್ಕ ಹಾಗೆ. ಮಗಳು ನನ್ನ ಕೈ ಹಿಂಡಿ, "ಮಮ್ಮಿ, ಪಪ್ಪಾ ಎಷ್ಟು ಖುಷ್ ಇದ್ದಾರೆ ನೋಡು" ಅಂದಳು. ನನಗೂ ಕಣ್ಣು ತುಂಬಿ ಬಂತು.

ಇಂಟರ್ವಲ್ ಆದ ಮೇಲೆ ಒಂದೇ ಒಂದು ಮಾತು ಕೇಳಿಸಿತು. ಯುದ್ಧ ಎಲ್ಲ ಮುಗಿದು, ಸಂಗೀತ ನಿಂತು, ಕ್ಯಾಪ್ಟನ್ನು ಭರಣಿ ತೆಗೆದು ತನ್ನ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಹೆಂಡತಿ ಬಾಗಿಲು ತೆರೆದು, ಅವನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲನೆ ಹೇಳುತ್ತಾಳೆ, "ಖಾನಾ ಠಂಡಾ ಹೋ ಗಯಾ." ಊಟ ಆರಿಹೋಯಿತು! ಎರಡೂವರೆ ಗಂಟೆ ಕಿವಿಗೆ ಕೈಯಿಟ್ಟು ಕೂತಿದ್ದ ಜನ. ಟಾಕೀಸು ಒಡೆದು ಹೋಗುವ ಹಾಗೆ ನಕ್ಕಿತು. ಸೀಟಿ ಹೊಡೆದರು, ಚಪ್ಪಾಳೆ ತಟ್ಟಿದರು. ನಾನೂ ನಕ್ಕು ನಕ್ಕು ಇವರ ಕಡೆ ತಿರುಗಿದೆ. ಇವರು ನಗುತ್ತಿರಲಿಲ್ಲ. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಕಾಕಾನ ಕಡೆ ನೋಡಿದರು. ಆಮೇಲೆ ನಕ್ಕರು.

ಅದನ್ನು ನಾನು ನೋಡಿದೆ. ಆದರೆ ಅಷ್ಟರಲ್ಲಿ ದೀಪ ಹತ್ತಿತು, ಜನ ಎದ್ದರು, ಮಗಳ ಚಪ್ಪಲಿ ಒಂದು ಎಲ್ಲಿಗೋ ಹೋಗಿತ್ತು, ಹುಡುಕುವುದರಲ್ಲಿ ಆಯಿತು.

ಆಟೋದಲ್ಲಿ ಕೂತವರೇ ಶುರುಮಾಡಿದರು. "ನೋಡಿದೆಯಾ? ಒಂದು ಊರಿನ ಜನಕ್ಕೆ ಕೇಳಲಿಲ್ಲ. ಅವರೆಲ್ಲ ನಾಳೆ ಕಿವಿ ಡಾಕ್ಟ್ರ ಹತ್ತಿರ ಓಡ್ತಾರಾ?"

"ಅದು ಸಿನಿಮಾದ ದೋಷ ಮಾರಾಯ್ರೆ."

"ನಾನೂ ಅದೇ ಹೇಳೂದು! ಅಲ್ಲಿ ಸಿನಿಮಾದ ದೋಷ, ಇಲ್ಲಿ ಫ್ಯಾನಿನ ದೋಷ. ಕಿವಿಯದ್ದೆಂತ ದೋಷ? ನನಗೆ ಹೇಗೋ ಎಲ್ಲರಿಗೂ ಹಾಗೇ. ಸುಮ್ಮನೆ ಎರಡು ವರ್ಷ ಹೆದರಿ ಸತ್ತೆ."

ಹೆದರಿ ಸತ್ತೆ. ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಆವತ್ತೇ ಮೊದಲು. ಅಹಂಕಾರ, ಹಟ, ಅಸಡ್ಡೆ ಎಂದು ನಾನು ಬೈದದ್ದೆಲ್ಲ ಬರೀ ಹೆದರಿಕೆಯಾಗಿತ್ತಂತೆ. ಮನೆಗೆ ಬಂದು ಮೈದುನನಿಗೆ ಫೋನು ಮಾಡಿ, "ಬರೂದಿಲ್ಲ, ಡಾಕ್ಟ್ರಿಗೆ ಹೇಳಿಬಿಡು, ಕಿವಿ ಸರಿ ಉಂಟು" ಎಂದರು. ಅವನು ಆ ಕಡೆಯಿಂದ ಏನೋ ಹೇಳಿದ. ಇವರು ಕೇಳಿಸಿದವರ ಹಾಗೆ "ಹೌದು, ಹೌದು" ಎಂದು ಇಟ್ಟರು.

ನಾನು ಸುಮ್ಮನಿದ್ದೆನಾ? ಇಲ್ಲ. ಬೆಳಿಗ್ಗೆ ಎದ್ದು ಟಿಕೆಟು ಎದುರಿಗಿಟ್ಟು, "ಒಮ್ಮೆ ತೋರಿಸಿದರೆ ಗಂಟೇನು ಹೋಗುತ್ತದೆ?" ಎಂದು ಕೇಳಿದೆ. ಅವರು ಶಾವಿಗೆ ಒತ್ತುತ್ತಿದ್ದರು, ಮಗಳಿಗೆ ಇಷ್ಟ ಎಂದು. ಹಾಡಿಕೊಳ್ಳುತ್ತಿದ್ದರು ಕೂಡ. ನನ್ನ ಗಂಡ ಹಾಡಿ ಎಷ್ಟು ಕಾಲವಾಗಿತ್ತೋ ದೇವರೇ ಬಲ್ಲ. "ಇವತ್ತೊಂದು ದಿನ ಬಿಡು ಮಾರಾಯ್ತಿ" ಅಂದರು. ರೈಲು ಹೋಯಿತು. ಆ ಹಾಡು ನಿಲ್ಲುವುದು ನನಗೂ ಬೇಡವಾಗಿತ್ತು. ಇಡೀ ಟಾಕೀಸಿಗೇ ಕೇಳಲಿಲ್ಲವಲ್ಲ, ಇವರು ಹೇಳುವುದೇ ಸರಿ ಇದ್ದಿರಬಹುದಲ್ಲ ಎಂದು ನನಗೂ ಅನಿಸಿತ್ತು. ಅನಿಸಬೇಕು ಎಂದು ಆಸೆಯಾಗಿತ್ತು.

ಕಾರ್ಖಾನೆಗಳು ತೆರೆದವು, ಓಣಿ ತುಂಬಿತು, ನಮ್ಮ ಕಾವಲಿ ಬಿಸಿಯಾಯಿತು. ಆಮೇಲೆ ಯಾರು ವಡೋದರಾಕ್ಕೆ ಹೋಗುತ್ತಾರೆ? ಇವರು ಒಂದು ಉಪಾಯ ಮಾಡಿಕೊಂಡರು. ಕೂಗಿದವನನ್ನೇ ವಾಪಸು ಗದರಿಸುವುದು, "ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದೀಯಾ? ಬಿಡಿಸಿ ಹೇಳು!" ಎಂದು. ಯಾರಾದರೂ ಕಿವಿಯ ಮಾತೆತ್ತಿದರೆ ಸಿನಿಮಾದ ಕಥೆ ಹೇಳುವುದು. ಗಿರಾಕಿಗಳಿಗೆ ಹೇಳಿದರು, ಹಾಲಿನವನಿಗೆ ಹೇಳಿದರು, ಮತ್ತೆ ಬರಲು ಶುರುಮಾಡಿದ್ದ ಬಾ ಅವರಿಗೂ ಹೇಳಿದರು. "ಯಾರಿಗೂ ಕೇಳಲಿಲ್ಲ ಬಾ, ಯಾರಿಗೂ!" ಬಾ ನನ್ನ ಮುಖ ನೋಡಿದರು. ನಾನು ಗಲ್ಲದ ಡ್ರಾಯರು ಎಳೆದು ಚಿಲ್ಲರೆ ಹುಡುಕಿದೆ.

ಮುಂದಿನ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಾವಲಿಯ ಎದುರು ನಿಂತವರು ತಲೆ ತಿರುಗಿ ಗೋಡೆ ಹಿಡಿದುಕೊಂಡರು. ಕಿವಿಯಿಂದ ಸೋರಿದ್ದರಲ್ಲಿ ರಕ್ತ. ಅದೇ ರೈಲಿನಲ್ಲಿ, ಅದೇ ಡಾಕ್ಟರಲ್ಲಿಗೆ ಹೋದೆವು. ಅವರು ಒಳ್ಳೆಯ ಮನುಷ್ಯ, ಬೈಯಲಿಲ್ಲ. ಹಳೆಯ ಸೋಂಕು ಒಳಗೊಳಗೇ ಕೊರೆದುಕೊಂಡು ಹೋಗಿ ಕಿವಿಯ ಸಣ್ಣ ಮೂಳೆಗಳನ್ನು ತಿಂದುಬಿಟ್ಟಿದೆ, ಇನ್ನೂ ಒಳಕ್ಕೂ ಹೋಗಿದೆ, ಈಗ ಆಪರೇಷನ್ ಮಾಡುವುದು ಜೀವಕ್ಕೆ ಅಪಾಯ ಆಗದಿರಲಿ ಎಂದು ಮಾತ್ರ, ಬಲಗಿವಿ ವಾಪಸು ಬರುವುದಿಲ್ಲ ಅಂದರು. ಎಡಗಿವಿಯಲ್ಲೂ ಅದೇ ಶುರುವಾಗಿ ಅರ್ಧ ಹೋಗಿತ್ತು. ಆಮೇಲೆ ಹೆಸರು ಬರೆಯುವ ಪುಸ್ತಕ ತಿರುವಿ, ನನ್ನನ್ನು ನೋಡಿ, "ಕಳೆದ ದೀಪಾವಳಿಗೆ ಬರುವವರಿದ್ದಿರಲ್ಲ? ಆವಾಗ ಬಂದಿದ್ದರೆ ಒಂದು ಕಿವಿಯನ್ನಾದರೂ ಉಳಿಸಬಹುದಿತ್ತು" ಎಂದರು. ನಮ್ಮವರು ಪಕ್ಕದಲ್ಲೇ ಕೂತಿದ್ದರು. ನನ್ನ ತೋಳು ಮುಟ್ಟಿ, "ಎಂತ ಹೇಳಿದರು?" ಎಂದು ಕೇಳಿದರು.

"ಆಪರೇಷನ್ ಮಾಡಿ ಔಷಧಿ ಕೊಡ್ತಾರಂತೆ" ಅಂದೆ. ಉಳಿದದ್ದನ್ನು ಇವತ್ತಿಗೂ ಹೇಳಿಲ್ಲ.

ಆಪರೇಷನ್ ಆದ ಮೇಲೆ ಕಾವಲಿಗೆ ಊರಿನಿಂದ ಒಬ್ಬ ಭಟ್ಟರನ್ನು ಕರೆಸಿದೆವು. ಕೂಗುವುದು ನಿಂತು ಚೀಟಿ ಬಂತು. ಇವರು ಗಲ್ಲದಲ್ಲಿ ಕೂತು ಎಲ್ಲರಿಗೂ ನಗುತ್ತಾರೆ. ಹೋಟೆಲು ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತದೆ. ಆದರೆ ಒಳಗಿಂದ ಆ "ಹಾಂ" ಬರುವುದಿಲ್ಲ. ಮನೆಯಲ್ಲಿ ಬೇಕಾದ್ದನ್ನು ಅವರ ಎಡಗಿವಿಗೆ ಕೂಗಿ ಹೇಳುತ್ತೇನೆ. ಬೆಲ್ಲ ಮುಗಿಯಿತು, ಮಗಳ ಫೋನು ಬಂತು, ಊಟಕ್ಕೆ ಏಳಿ. ಕೂಗಿ ಹೇಳುವಂಥದ್ದೆಲ್ಲ ಹೇಳಿದ್ದಾಯಿತು. ಕೂಗಿ ಹೇಳಲಾಗದ್ದು ಎಷ್ಟು ಇತ್ತು ಎಂದು ಆಗ ಗೊತ್ತಾಯಿತು. ಗೊಣಗುವುದು, ಪಿಸುಗುಟ್ಟಿ ಯಾರನ್ನೋ ಆಡಿಕೊಳ್ಳುವುದು, ಸುಮ್ಮನೆ ಒಂದು ತಮಾಷೆ. ಅದನ್ನೆಲ್ಲ ಕೂಗಿದರೆ ಅಕ್ಕಪಕ್ಕದ ಮನೆಯವರು ಕಿಟಕಿ ತೆಗೆಯುತ್ತಾರೆ. ನೀವು ಒಳಗಿಂದ "ಹಾಂ" ಅನ್ನುತ್ತಿದ್ದಿರಲ್ಲ, ಅದು ನನಗೆ ಎಷ್ಟು ಧೈರ್ಯವಾಗಿತ್ತು ಗೊತ್ತುಂಟಾ, ಎಂದು ಹೇಗೆ ಕೂಗುವುದು?

ಇನ್ನೊಂದು ದೀಪಾವಳಿ ರಜೆ. ಶಟರು ಇಳಿದಿತ್ತು. ಮಗಳು ಅಹಮದಾಬಾದಿನಲ್ಲೇ ಕೆಲಸಕ್ಕೆ ಸೇರಿದ್ದರಿಂದ ಬಂದಿರಲಿಲ್ಲ. ಸಿನಿಮಾಕ್ಕೆ ಹೋಗುವುದನ್ನು ಯಾವಾಗಲೋ ಬಿಟ್ಟಿದ್ದೆವು. ಊಟವಾಗಿ ಟಿವಿ ಹಾಕಿದರೆ ಧೂಳಿನ ಗ್ರಹ. ನನಗಿಂತ ಮೊದಲು ಇವರೇ ಗುರುತು ಹಿಡಿದು, "ಇದು ಅದೇ ಅಲ್ಲವಾ? ಯಾರಿಗೂ ಕೇಳದ ಸಿನಿಮಾ!" ಎಂದು ಕಿವಿ ಕೇಳದವರ ದೊಡ್ಡ ದನಿಯಲ್ಲಿ ಹೇಳಿ, ಖುಷಿಯಿಂದ ಕುರ್ಚಿ ಎಳೆದುಕೊಂಡು ಕೂತರು.

ನಮ್ಮ ಸಣ್ಣ ಟಿವಿಯಲ್ಲಿ ಗುಡುಗೂ ಇರಲಿಲ್ಲ, ಕುರ್ಚಿಯೂ ನಡುಗಲಿಲ್ಲ. ಭರಣಿಯೊಳಗಿನ ಒಂದೊಂದು ಮಾತೂ ನನಗೆ ಬಿಡಿಬಿಡಿಯಾಗಿ ಕೇಳಿಸಿತು. ಕಥೆಯೂ ಅರ್ಥವಾಯಿತು, ಅಂಥ ಮಹಾ ಗೊಂದಲವೇನಿರಲಿಲ್ಲ. ಇಡೀ ಟಾಕೀಸಿನ ಜನ ಶು ಬೋಲ್ಯೋ ಎಂದು ಒದ್ದಾಡಿದ ಮಾತು ಏನಿತ್ತು ಗೊತ್ತುಂಟಾ? ಆ ಪೆಟ್ಟಿಗೆ ಇತ್ತ ತಾ, ಬಾಗಿಲು ಹಾಕು, ಇಂಥವೇ.

"ಕಂಡೆಯಾ?" ಇವರು ನನ್ನ ಕಡೆ ಬಾಗಿದರು. "ಟಿವಿಯಲ್ಲೂ ಅದೇ ಅವಸ್ಥೆ. ಒಂದಕ್ಷರ ಕೇಳೂದಿಲ್ಲ. ಅಲ್ಲವಾ?"

ನಾನು ಹೌದೆಂದು ತಲೆ ಆಡಿಸಿದೆ.

ಕೊನೆಗೆ ಕ್ಯಾಪ್ಟನ್ನು ಬಾಗಿಲು ತಟ್ಟಿದ. ಹೆಂಡತಿ ಬಾಗಿಲು ತೆರೆದಳು, ಅವನನ್ನು ಮೇಲಿಂದ ಕೆಳಗೆ ನೋಡಿದಳು, ಊಟ ಆರಿಹೋಯಿತು ಅಂದಳು. ನನಗೆ ನಗು ಬರಲಿಲ್ಲ. ಪಕ್ಕಕ್ಕೆ ತಿರುಗಿದರೆ ಇವರು ಟಿವಿ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಈಗ ನಗಬೇಕಾ ಎಂದು ಕಾಯುತ್ತಿದ್ದರು.

ನಾನು ನಕ್ಕೆ. ಆಮೇಲೆ ಅವರೂ ನಕ್ಕರು.